ಮರದ ಬುಡದಲ್ಲಿ ಅಕ್ಷತೆ

ಏಪ್ರಿಲ್ ಎರಡನೇ ವಾರ. ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಫಿನ್ಲೆಂಡಿನ ಎಸ್ಪೋ ಊರಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕಾಡಿನಲ್ಲಿ, ಒಂದು ದೊಡ್ಡ ಮರದ ಬುಡಕ್ಕೆ ಮಂಡಿಯೂರಿ ಕೂತಿದ್ದೆ. ಪಕ್ಕದಲ್ಲಿ ಕೆಳಗಿನ ಮನೆಯ ಅಜ್ಜಿ. ಅಜ್ಜಿ ಅನ್ನೋದು ನನ್ನ ಮನಸ್ಸಿನೊಳಗೆ ಮಾತ್ರ. ಇಲ್ಲಿ ಎಂಬತ್ತರ ಹತ್ತಿರ ಇರುವವರನ್ನೂ ಹೆಸರು ಹಿಡಿದೇ ಕರೆಯಬೇಕು. ಏಳು ವರ್ಷವಾದರೂ ಅದು ನನ್ನ ಬಾಯಿಗೆ ಬರುವುದಿಲ್ಲ. ಹಾಗಾಗಿ ಹೆಸರೇ ಹೇಳದೆ ಮಾತು ಮುಗಿಸುವ ಕಲೆ ಕಲಿತಿದ್ದೇನೆ.

ಅವರು ಕೈಗವಸು ಬಿಚ್ಚಿ, ಪಾಚಿಯ ಮೇಲಿಂದ ಏನನ್ನೋ ಆಯ್ದು ನನ್ನ ಅಂಗೈಗೆ ಹಾಕಿದರು. ನಾಲ್ಕೈದು ಕಾಳು. ಅಕ್ಕಿಯಷ್ಟೇ ಉದ್ದ, ತುದಿ ಮೊಂಡು, ಅರಿಶಿನದ ಬಣ್ಣ. ಥೇಟ್ ಅಕ್ಷತೆ. ಯಾರೋ ಮರಕ್ಕೆ ಪೂಜೆ ಮಾಡಿ ಹೋಗಿದ್ದಾರೇನೋ ಅನ್ನಿಸುವ ಹಾಗೆ ಬುಡದ ಸುತ್ತ ಚೆಲ್ಲಿತ್ತು.

"ಪಪನಾ" ಅಂದರು. ಹಿಕ್ಕೆ! ಹಾರುವ ಅಳಿಲಿನ ಹಿಕ್ಕೆ. ನಾನು ಕೈ ಕೊಡವಿಕೊಳ್ಳಲಿಲ್ಲ, ಕೊಡವಿದ್ದರೆ ಅವರಿಗೆ ಬೇಜಾರಾಗುತ್ತಿತ್ತು. ಚಳಿಗಾಲವಿಡೀ ಈ ಅಳಿಲು ಆಲ್ಡರ್ ಮತ್ತು ಬರ್ಚ್ ಮರಗಳ ಜೋಲುಹೂವಿನ ಗೊಂಚಲು ತಿಂದು ಬದುಕುತ್ತದೆ. ಆ ಹೂವಿನ ಬಣ್ಣವೇ ಹಿಕ್ಕೆಗೂ. ಬೇಸಿಗೆಯಲ್ಲಿ ಮಳೆಗೆ ಕರಗಿ, ಸೊಪ್ಪು ಬೆಳೆದು ಮುಚ್ಚಿಹೋಗುತ್ತದೆ. ಹುಡುಕಬೇಕೆಂದರೆ ಹಿಮ ಕರಗುವ ಈ ಕೆಲವು ವಾರಗಳೇ ಸರಿಯಾದ ಕಾಲ. ಅಳಿಲನ್ನು ಕಣ್ಣಾರೆ ಕಂಡವರು ಕಡಿಮೆ. ಅದು ರಾತ್ರಿಯ ಪ್ರಾಣಿ. ಹಿಕ್ಕೆಯೇ ಅದರ ಗುರುತು, ವಿಳಾಸ ಎಲ್ಲ.

ಅಜ್ಜಿ ಜೇಬಿನಿಂದ ಫೋನು ತೆಗೆದು ಆ ಜಾಗದ ಗುರುತು ದಾಖಲಿಸಿಕೊಂಡರು. ಈ ಮರಗಳಿರುವ ಕಡೆ ಮನೆ ಕಟ್ಟುವ ಯೋಜನೆಯೊಂದು ಕಾಗದದ ಮೇಲಿತ್ತು. ನಾಲ್ಕು ಕಾಳು ಹಿಕ್ಕೆಗೆ ಇಲ್ಲಿ ಎಷ್ಟು ಬೆಲೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಕಾಡಿನ ವಿಷಯದಲ್ಲಿ ತುಂಬಾ ಹೆಮ್ಮೆ ಇತ್ತು, ನನ್ನದೇ ಏನೋ ಅನ್ನುವ ಹಾಗೆ. ದೇಶದ ನಾಲ್ಕರಲ್ಲಿ ಮೂರು ಪಾಲು ಕಾಡು. ವಿಮಾನ ಇಳಿಯುವಾಗ ಕೆಳಗೆ ಕಡುಹಸಿರು, ನಡುವೆ ಕೆರೆ, ಮತ್ತೆ ಕಡುಹಸಿರು. ಅಲಾಸ್ಕ, ಕೆನಡಾದಿಂದ ಹಿಡಿದು ಸ್ಕ್ಯಾಂಡಿನೇವಿಯ, ಫಿನ್ಲೆಂಡ್, ರಷ್ಯಾ ದಾಟಿ ಪೆಸಿಫಿಕ್‌ವರೆಗೆ ಭೂಮಿಯ ತಲೆಗೆ ಸುತ್ತಿದ ಮುಂಡಾಸಿನ ಹಾಗಿದೆ ಈ ಉತ್ತರದ ಸೂಜಿಎಲೆ ಕಾಡು. ರಷ್ಯನ್ನರು ಟೈಗಾ ಅನ್ನುತ್ತಾರೆ. ಅದರ ಒಂದು ತುಂಡಿನ ಮಧ್ಯೆ ನನ್ನ ಬಾಡಿಗೆ ಮನೆ. ಮೊದಲ ಭಾನುವಾರವೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಕಿಟಕಿಯ ಕಡೆ ತಿರುಗಿಸಿದೆ. "ನೋಡಪ್ಪಾ, ಹಿತ್ತಿಲಲ್ಲೇ ಕಾಡು."

ಅಪ್ಪನದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಅವರು ಸ್ವಲ್ಪ ಹೊತ್ತು ನೋಡಿ ಕೇಳಿದರು: "ಕಾನೇನಮ್ಮಾ, ಪ್ಲಾಂಟೇಷನ್ನಾ?"

"ಕಾಡಪ್ಪಾ, ಕಾಡು."

"ಎಲ್ಲಾ ಒಂದೇ ದಪ್ಪ ಇದಾವಲ್ಲ."

ನನಗೆ ಸಿಟ್ಟು ಬಂತು. ಯುರೋಪಿನ ಕಾಡಿಗೂ ಇವರು ಕೊಂಕು ತೆಗೀತಾರಲ್ಲ ಅಂತ. ಆದರೆ ಅಪ್ಪ ಅಕೇಶಿಯಾ ಕಂಡವರು. ನಮ್ಮ ಊರಿನ ಗುಡ್ಡಗಳಿಗೆ ಅರಣ್ಯ ಇಲಾಖೆ ಸಾಲುಸಾಲಾಗಿ ಅಕೇಶಿಯಾ ನೆಟ್ಟಾಗ, ದೂರದಿಂದ ನೋಡಿದರೆ ಅದೂ ಹಸಿರೇ. ಒಳಗೆ ಹೋದರೆ ಹಕ್ಕಿ ಇಲ್ಲ, ಬಳ್ಳಿ ಇಲ್ಲ, ಕೊಳೆಯದ ದರಗು ಮಾತ್ರ. ಮಲೆನಾಡಿನವರಿಗೆ ಕಾನು, ಅಂದರೆ ತಾನಾಗಿ ಬೆಳೆದ ಹಳೆಯ ದಟ್ಟ ಕಾಡು, ಬೇರೆ, ಬರೀ ಕಾಡು ಬೇರೆ, ಪ್ಲಾಂಟೇಷನ್ ಬೇರೆ. ಫಿನ್ನಿಷ್ ಭಾಷೆಯಲ್ಲಿ ಎಲ್ಲಕ್ಕೂ ದಿನಬಳಕೆಗೆ ಒಂದೇ ಪದ, ಮೆಟ್ಸಾ. ಒತ್ತಿ ಕೇಳಿದರೆ ಮಾತ್ರ "ತಲೋಸ್‌ಮೆಟ್ಸಾ" ಅನ್ನುತ್ತಾರೆ. ಅಂದರೆ ದುಡ್ಡಿನ ಕಾಡು. ಇಲ್ಲಿನ ಬಹುಪಾಲು ಕಾಡು ಅದೇ.

ಇನ್ನು ನನ್ನ ತಪ್ಪಿನ ಕಥೆ. ಎರಡನೇ ವರ್ಷ, ನಮ್ಮ ಬಾಲ್ಕನಿ ಎದುರಿಗೆ ಒಂದು ಸತ್ತ ಬರ್ಚ್ ಇತ್ತು. ತಲೆ ಮುರಿದು ಬಿದ್ದು, ಎರಡಾಳೆತ್ತರದ ಕೊರಡು ಮಾತ್ರ ಉಳಿದಿತ್ತು. ತೊಗಟೆ ಸುಲಿದು, ಮೈತುಂಬ ಅಣಬೆ. ನನ್ನ ಮಗಳು ಅದರ ಕೆಳಗೆ ಆಡುತ್ತಿದ್ದಳು. ಬಿದ್ದರೆ? ಕಟ್ಟಡ ನೋಡಿಕೊಳ್ಳುವವರಿಗೆ ಒಂದು ಇಮೇಲ್ ಹಾಕಿದೆ, ಭಾಳ ಮರ್ಯಾದೆಯಿಂದ. ಮೂರು ದಿನದಲ್ಲಿ ಯಾರೋ ಬಂದು, ಗರಗಸ ಹಿಡಿದು, ಐದು ನಿಮಿಷದಲ್ಲಿ ಮುಗಿಸಿದರು. ಎಂಥಾ ವ್ಯವಸ್ಥೆ ಅಂತ ಖುಷಿಪಟ್ಟೆ. ನಮ್ಮೂರಲ್ಲಾದರೆ ಮೂರು ವರ್ಷ.

ಅವತ್ತು ಸಂಜೆ ಅಜ್ಜಿ ಆ ತುಂಡುಗಳ ಹತ್ತಿರ ನಿಂತಿದ್ದರು. ಕೂಗಾಡಲಿಲ್ಲ. ಇಲ್ಲಿ ಯಾರೂ ಕೂಗಾಡುವುದಿಲ್ಲ, ಅದೇ ಕಷ್ಟ. ಒಂದು ತುಂಡನ್ನು ಕಾಲಲ್ಲಿ ಹೊರಳಿಸಿದರು. ಅದರಲ್ಲಿ ನಾಣ್ಯದಷ್ಟು ಅಗಲದ ತೂತು. ಒಳಗೆ ಹೊಸದಾಗಿ ಕೆತ್ತಿದ ಪೊಟರೆ, ಇನ್ನೂ ಬೆಳ್ಳಗಿತ್ತು. "ಹೊಮೊಟಿಯಾಯ್ನೆನ್" ಅಂದರು. ಮೊಟ್ಟೆ ಇಟ್ಟಿರಲಿಲ್ಲ, ಅದೊಂದೇ ಸಮಾಧಾನ.

ಹೊಮೊಟಿಯಾಯ್ನೆನ್ ಅಂದರೆ ನಮ್ಮ ಚೇಕಡಿ ಹಕ್ಕಿಯ ದಾಯಾದಿ. ಇಂಗ್ಲಿಷಿನಲ್ಲಿ ವಿಲ್ಲೋ ಟಿಟ್. ಕಪ್ಪು ಟೋಪಿ, ಬೂದು ಮೈ. ತೂಕ ಹನ್ನೊಂದು ಗ್ರಾಮಿನ ಆಸುಪಾಸು. ಮೈನಸ್ ಇಪ್ಪತ್ತರ ಚಳಿಗೂ ಇದು ಎಲ್ಲೂ ಹೋಗುವುದಿಲ್ಲ. ರಾತ್ರಿ ಮೈಬಿಸಿಯನ್ನು ಒಂದಿಷ್ಟು ಇಳಿಸಿಕೊಂಡು ಮುದುಡಿ ಕೂರುತ್ತದೆ. ಬೇಸಿಗೆ ಮುಗಿಯುವಾಗಲೇ ಬೀಜಗಳನ್ನು ಒಂದೊಂದಾಗಿ ತೊಗಟೆಯ ಸಂದುಗಳಲ್ಲಿ ಬಚ್ಚಿಟ್ಟಿರುತ್ತದೆ, ಸಾವಿರಾರು. ಇಷ್ಟೆಲ್ಲ ಜಾಣ್ಮೆಯ ಹಕ್ಕಿಗೆ ಒಂದು ಹಟ. ಬೇರೆಯವರ ಗೂಡು ಬೇಡ. ಪ್ರತಿ ವಸಂತದಲ್ಲೂ ಹೊಸ ಪೊಟರೆಯನ್ನು ತಾನೇ ಕೊರೆದುಕೊಳ್ಳಬೇಕು. ಆದರೆ ಆ ಪುಟ್ಟ ಕೊಕ್ಕಿಗೆ ಗಟ್ಟಿ ಮರ ಒಗ್ಗುವುದಿಲ್ಲ. ಮೆತ್ತಗೆ ಕೊಳೆತ, ಆದರೆ ಇನ್ನೂ ನಿಂತಿರುವ ಕೊರಡೇ ಆಗಬೇಕು. ಒಂದು ಕಾಲಕ್ಕೆ ಇದು ಫಿನ್ಲೆಂಡಿನಲ್ಲಿ ಎಲ್ಲೆಂದರಲ್ಲಿ ಕಾಣುವ ಹಕ್ಕಿಯಾಗಿತ್ತು. ಅಪಾಯದಲ್ಲಿರುವ ಜೀವಿಗಳ 2019ರ ಕೆಂಪು ಪಟ್ಟಿಯಲ್ಲಿ ಇದರ ಹೆಸರು "ಅಳಿವಿನಂಚಿನಲ್ಲಿ" ಅನ್ನುವ ಕಡೆ ಬಂತು. ಕಾಡು ಸವರುವಾಗ ಮೊದಲು ಹೋಗೋದು ಇಂಥ ಕೊರಡುಗಳೇ. ಒಂದನ್ನು ನಾನೇ ಇಮೇಲ್ ಹಾಕಿ ತೆಗೆಸಿದ್ದೆ.

ನಿಂತು ಸತ್ತ ಕೊರಡಿಗೆ ಇವರು "ಪೊಕ್ಕೆಲೊ" ಅನ್ನುತ್ತಾರೆ. ಚುರುಕಿಲ್ಲದ, ಮರಗಟ್ಟಿದಂಥ ಮನುಷ್ಯನಿಗೂ ಅದೇ ಬೈಗುಳವಂತೆ. ನಮ್ಮಲ್ಲೂ ಹಾಗೇ ಅಲ್ವಾ, "ಕೊರಡಿನ ಹಾಗೆ ನಿಂತಿದೀಯಲ್ಲೋ" ಅಂತ? ಎರಡು ಭಾಷೆಯಲ್ಲೂ ಪಾಪ ಕೊರಡಿಗೆ ಒಂದೇ ಗತಿ.

ಆದರೆ ಈ ಕಾಡಿನಲ್ಲಿ ಸತ್ತ ಮರದ ಲೆಕ್ಕವೇ ಎಲ್ಲ. ಕೊಡಲಿ ತಾಗದ ಹಳೆಯ ಕಾಡಾದರೆ ಒಂದು ಹೆಕ್ಟೇರಿಗೆ 60ರಿಂದ 120 ಘನ ಮೀಟರಿನಷ್ಟು ಸತ್ತ ಮರ ನಿಂತಿರುತ್ತದೆ, ಬಿದ್ದಿರುತ್ತದೆ. ದುಡ್ಡಿನ ಕಾಡಿನಲ್ಲಿ ಅದು ಸರಾಸರಿ 6 ಘನ ಮೀಟರಿನ ಆಸುಪಾಸು. ಇಲ್ಲಿನ ಕಾಡಿನ ಜೀವಿಗಳಲ್ಲಿ ನಾಲ್ಕರಲ್ಲೊಂದು, ಅಂದರೆ ನಾಲ್ಕೈದು ಸಾವಿರ ಜಾತಿ, ಒಂದಲ್ಲ ಒಂದು ಹಂತದಲ್ಲಿ ಸತ್ತ ಮರವನ್ನು ನಂಬಿಕೊಂಡಿವೆ. ಅಣಬೆ, ಜೀರುಂಡೆ, ಪಾಚಿ, ಕಲ್ಲುಹೂವು. ಚಳಿಯಲ್ಲಿ ಎಲ್ಲ ನಿಧಾನ. ನಮ್ಮಲ್ಲಿ ಬಿದ್ದ ಮರವನ್ನು ನಾಲ್ಕು ಮಳೆಗಾಲದಲ್ಲಿ ಗೆದ್ದಲು ಮುಗಿಸುತ್ತದೆ. ಇಲ್ಲಿ ಗೆದ್ದಲಿಲ್ಲ. ದಪ್ಪ ಪೈನ್ ಒಂದು ಸತ್ತ ಮೇಲೂ ಎಷ್ಟೋ ದಶಕ ನಿಂತೇ ಇರುತ್ತದೆ, ಬೆಳ್ಳಿಯ ಬಣ್ಣಕ್ಕೆ ತಿರುಗಿ.

ಆ ಬರ್ಚ್ ಪ್ರಸಂಗ ಆದಮೇಲೆ ಅಜ್ಜಿಯ ಹಿಂದೆ ಸುತ್ತಲು ಶುರುಮಾಡಿದೆ. ಪ್ರಾಯಶ್ಚಿತ್ತ ಅನ್ನಿ.

ಹಿಕ್ಕೆ ಸಿಕ್ಕ ಮರದ ಹೆಸರು ಹಾಪಾ. ಇಂಗ್ಲಿಷಿನ ಆಸ್ಪೆನ್. ಮೊದಲ ಸಲ ಬೇಸಿಗೆಯಲ್ಲಿ ಅದರ ಕೆಳಗೆ ನಿಂತಾಗ ನನಗೆ ಊರಿನ ಅರಳಿಕಟ್ಟೆಯೇ ನೆನಪಾಯಿತು. ಗಾಳಿ ಇಲ್ಲ, ಎಲೆ ಮಾತ್ರ ಗಲಗಲ. ಎಲೆಯ ತೊಟ್ಟು ಪಟ್ಟಿಯ ಹಾಗೆ ಚಪ್ಪಟೆಯಾಗಿರುವುದರಿಂದ ಸಣ್ಣ ಉಸಿರಿಗೂ ಅಲುಗುತ್ತದೆ. ಹೆದರಿ ನಡುಗುವವರನ್ನು ಇವರು "ಹಾಪಾ ಎಲೆಯ ಹಾಗೆ" ಅನ್ನುತ್ತಾರೆ. ನಾವು ಅರಳಿಗೆ ಕಟ್ಟೆ ಕಟ್ಟಿ ಕೈಮುಗಿದು ಉಳಿಸಿಕೊಂಡೆವು. ಹಾಪಾಕ್ಕೆ ಆ ಅದೃಷ್ಟ ಇರಲಿಲ್ಲ. ಪೈನ್ ಚಿಗುರನ್ನು ತಿರುಚಿ ಹಾಕುವ ಒಂದು ತುಕ್ಕುರೋಗ ಇದೆ. ಅದರ ಬೂಷ್ಟು ಅರ್ಧ ಆಯುಸ್ಸನ್ನು ಹಾಪಾ ಎಲೆಯ ಮೇಲೆ ಕಳೆಯುತ್ತದೆ. ಪೈನ್ ಅಂದರೆ ದುಡ್ಡು. ಹಾಗಾಗಿ ಹಾಪಾ ಕಳೆ ಅಂತಾಯಿತು. ದಶಕಗಟ್ಟಲೆ ಹುಡುಕಿ ಹುಡುಕಿ ತೆಗೆದರು. ಮತ್ತೆ ಚಿಗುರಿದ್ದನ್ನು ಮೂಸ್ ಅನ್ನುವ ದೊಡ್ಡ ಜಿಂಕೆಗಳು ಮೇಯ್ದವು. ಈಗ ಒಳ್ಳೆ ದಪ್ಪದ ಮುದಿ ಹಾಪಾಗಳು ಸಿಗುವುದೇ ಅಪರೂಪ. ಮರಕುಟಿಗಕ್ಕೆ ಗೂಡು ಕೊರೆಯಲು ಬೇಕಾದದ್ದು ಅಂಥದ್ದೇ. ಮರಕುಟಿಗ ಬಿಟ್ಟುಹೋದ ಪೊಟರೆಯಲ್ಲಿ ಹಾರುವ ಅಳಿಲಿನ ಸಂಸಾರ.

ಈ ಅಳಿಲು ನಮ್ಮ ಮಲೆನಾಡಿನ ಹಾರುಬೆಕ್ಕಿನ ಪುಟ್ಟ ತಮ್ಮ. ಹಾರುಬೆಕ್ಕು ಒಂದೂವರೆ ಎರಡು ಕಿಲೋ ತೂಗಿದರೆ, ಇದು 150 ಗ್ರಾಂ. ಬೂದು ರೇಷ್ಮೆಯಂಥ ಮೈ, ಮುಖಕ್ಕೆ ಮೀರಿದ ಕಪ್ಪು ಕಣ್ಣು. ಮುಂಗಾಲು ಹಿಂಗಾಲಿನ ನಡುವಿನ ತೊಗಲನ್ನು ಹರಡಿ ಒಂದು ಮರದಿಂದ ಇನ್ನೊಂದಕ್ಕೆ ಜಾರುತ್ತದೆ. ಹತ್ತಾರು ಮೀಟರ್ ಸಲೀಸು. ಆದರೆ ನಡುವೆ ಮರವೇ ಇಲ್ಲದ ದೊಡ್ಡ ಬಯಲು ಬಂದರೆ ಮುಗಿಯಿತು. ನೆಲಕ್ಕಿಳಿದು ಓಡಾಡುವುದು ಅದಕ್ಕೆ ಕಷ್ಟ. ಗೂಬೆ, ಬೆಕ್ಕು ಕಾದಿರುತ್ತವೆ.

ಯುರೋಪಿಯನ್ ಒಕ್ಕೂಟದಲ್ಲಿ ಈ ಅಳಿಲು ಉಳಿದಿರುವುದು ಫಿನ್ಲೆಂಡ್ ಮತ್ತು ಎಸ್ಟೋನಿಯಾದಲ್ಲಿ ಮಾತ್ರ. 1995ರಲ್ಲಿ ಫಿನ್ಲೆಂಡ್ ಒಕ್ಕೂಟ ಸೇರಿದಾಗ ಅದರ ಕಾನೂನೂ ಜೊತೆಗೆ ಬಂತು. ಇದು ಮರಿ ಹಾಕುವ, ಮಲಗುವ ಜಾಗವನ್ನು ಹಾಳುಮಾಡುವಂತಿಲ್ಲ. ಅಲ್ಲಿಂದ ಶುರುವಾಯಿತು ಹಿಕ್ಕೆಯ ರಾಜಕೀಯ. ಎಸ್ಪೋದಂಥ ಬೆಳೆಯುವ ಊರಲ್ಲಿ ರಸ್ತೆ ಎಲ್ಲಿ ಹೋಗಬೇಕು, ಮನೆ ಎಲ್ಲಿ ಬರಬೇಕು ಅನ್ನುವ ನಕ್ಷೆಯ ಮೇಲೆ ಅಳಿಲಿನ ಗುರುತುಗಳೂ ಇರುತ್ತವೆ. ಆಫೀಸಿನಲ್ಲಿ ಇದರ ಬಗ್ಗೆ ಜೋಕುಗಳಿವೆ. "ಫ್ಲ್ಯಾಟು ಯಾಕೆ ತಡ? ಅಳಿಲು ಒಪ್ಪಿಲ್ಲ."

ಜೋಕು ಮಾಡುವವರಿಗೆ ಗೊತ್ತಿಲ್ಲದ್ದು ಏನಂದರೆ, ಕಾಗದದ ಮೇಲೆ ಗೆದ್ದ ಅಳಿಲು ಕಾಡಿನಲ್ಲಿ ಸೋಲುತ್ತಲೇ ಬಂದಿದೆ. ಎಷ್ಟೋ ಕಾಲ ಗೂಡಿನ ಮರದ ಸುತ್ತ ಹತ್ತು ಹದಿನೈದು ಮೀಟರ್ ಉಳಿಸಿ, ಆಚೆಯದನ್ನೆಲ್ಲ ಬೋಳಿಸುತ್ತಿದ್ದರು. ಕಾನೂನು ಪಾಲಿಸಿದ ಹಾಗಾಯಿತು. ಆದರೆ ಒಂದು ಹೆಣ್ಣು ಅಳಿಲಿಗೆ ಓಡಾಡಲು ಸುಮಾರು ಎಂಟು ಹೆಕ್ಟೇರ್ ಬೇಕು. ಗಂಡಿಗೆ ಅದರ ಏಳೆಂಟು ಪಟ್ಟು. ಬೋಳು ಗುಡ್ಡದ ಮಧ್ಯೆ ನಾಲ್ಕು ಮರ ಉಳಿಸಿ "ಇದೇ ನಿನ್ನ ಮನೆ" ಅಂದರೆ ಯಾರು ತಾನೆ ಇರುತ್ತಾರೆ? ಅಡುಗೆಮನೆ, ಬಾವಿ, ದಾರಿ ಎಲ್ಲ ಕಿತ್ತು ಮಂಚ ಒಂದನ್ನು ಬಿಟ್ಟ ಹಾಗೆ. ಆಮೇಲೆ ಹೋಗಿ ನೋಡಿದರೆ ಅಂಥ ಕಡೆ ಹಿಕ್ಕೆ ಸಿಗುತ್ತಿರಲಿಲ್ಲ.

ಬೋಳಿಸಿದ ಕಾಡನ್ನು ನಾನು ಹತ್ತಿರದಿಂದ ನೋಡಿದ್ದು ಉತ್ತರ ಕರೇಲಿಯಾದಲ್ಲಿ. ಸಹೋದ್ಯೋಗಿಯೊಬ್ಬನಿಗೆ ಅಲ್ಲಿ ಅಜ್ಜನ ಕಾಲದ ಕಾಡಿದೆ. ಇದರಲ್ಲಿ ವಿಶೇಷ ಇಲ್ಲ. ಈ ದೇಶದಲ್ಲಿ ಕಾಡಿನ ಒಡೆಯರು ಆರು ಲಕ್ಷದಷ್ಟಿದ್ದಾರೆ, ನಮ್ಮಲ್ಲಿ ಅಡಿಕೆ ತೋಟ ಇದ್ದ ಹಾಗೆ. ಜೂನ್ ತಿಂಗಳ ರಜೆಗೆ ನಮ್ಮನ್ನೂ ಕರೆದ. ದಾರಿಯಲ್ಲಿ ಪಕ್ಕದವರ ಜಮೀನಿನಲ್ಲಿ ಯಂತ್ರ ಓಡುತ್ತಿತ್ತು. ಉದ್ದ ತೋಳು ಚಾಚಿ ಒಂದು ಸ್ಪ್ರೂಸಿನ ಕುತ್ತಿಗೆ ಹಿಡಿಯಿತು. ಕೊಯ್ದು, ಮಲಗಿಸಿ, ಬಾಯಲ್ಲಿ ಸರ್ರನೆ ಎಳೆದು ಕೊಂಬೆ ಸವರಿ, ಅಳತೆ ಮಾಡಿ, ತುಂಡು ಮಾಡಿ ಬದಿಗಿಟ್ಟಿತು. ಎಣಿಸಿದೆ, ಒಂದು ನಿಮಿಷ ಆಗಲಿಲ್ಲ. ಅಪ್ಪ ಹುಟ್ಟುವ ಹೊತ್ತಿಗೆ ಮೊಳೆತ ಮರ ಇದ್ದೀತು. ಒಳಗೆ ಒಬ್ಬನೇ ಮನುಷ್ಯ, ಕಿವಿಗೆ ಹೆಡ್‌ಫೋನು. ಮಗಳು "ಮತ್ತೊಂದ್ಸಲ, ಮತ್ತೊಂದ್ಸಲ" ಅಂತ ಕುಣಿದಳು. ನಿಜ ಹೇಳಬೇಕೆಂದರೆ ನನಗೂ ನೋಡಬೇಕು ಅನ್ನಿಸಿತು.

ಹೀಗೆ ಒಮ್ಮೆಗೇ ಬೋಳಿಸಿ, ಒಂದೇ ವಯಸ್ಸಿನ ಸಸಿ ನೆಟ್ಟು, ಅರವತ್ತು ಎಂಬತ್ತು ವರ್ಷಕ್ಕೆ ಮತ್ತೆ ಬೋಳಿಸುವುದೇ ಎರಡನೇ ಮಹಾಯುದ್ಧದ ನಂತರ ಇಲ್ಲಿ ಪದ್ಧತಿಯಾಯಿತು. ಆರಿಸಿ ಆರಿಸಿ ಕಡಿದು, ಕಾಡನ್ನು ಕಾಡಾಗಿಯೇ ಉಳಿಸಿಕೊಳ್ಳುತ್ತೇನೆ ಅಂದವರಿಗೆ ಕಾನೂನಿನಲ್ಲಿ ಸರಿಯಾದ ಜಾಗ ಸಿಕ್ಕಿದ್ದು 2014ರಲ್ಲಿ.

ಆ ಸಹೋದ್ಯೋಗಿ ಗೆಳೆಯ ತನ್ನ ಜಮೀನಿನಲ್ಲಿ ಇನ್ನೊಂದು ತೋರಿಸಿದ. ಕಾಡಿನ ನಡುವೆ ನೇರವಾಗಿ, ದಾರ ಹಿಡಿದು ಎಳೆದ ಹಾಗೆ ಕಾಲುವೆ. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ನನಗೆ ಅಡಿಕೆ ತೋಟದ ಬಸಿಗಾಲುವೆಯೇ ಕಣ್ಣಿಗೆ ಬಂತು. ಕೆಲಸವೂ ಅದೇ, ನೀರು ಬಸಿಯುವುದು. ಇಲ್ಲಿ ಜೌಗು ನೆಲ ಸುಮಾರು ಒಂದು ಕೋಟಿ ಹೆಕ್ಟೇರ್ ಇತ್ತು. ಸಾವಿರಾರು ವರ್ಷ ಪಾಚಿ ಅರ್ಧ ಕೊಳೆತು, ವರ್ಷಕ್ಕೆ ಒಂದು ಮಿಲಿಮೀಟರಿನ ಹಾಗೆ ಪೇರಿಸಿಕೊಂಡ ಪೀಟ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು, ಮುಖ್ಯವಾಗಿ 1960 ಮತ್ತು 70ರ ದಶಕಗಳಲ್ಲಿ, ಕಾಲುವೆ ತೋಡಿ ಒಣಗಿಸಿದರು. ಮರ ಚೆನ್ನಾಗಿ ಬರಲಿ ಅಂತ. ಸರ್ಕಾರವೇ ದುಡ್ಡು ಕೊಟ್ಟಿತು.

"ಅಜ್ಜನಿಗೆ ಈ ಕಾಲುವೆಗಳೆಂದರೆ ಹೆಮ್ಮೆ" ಅಂದ ಗೆಳೆಯ. "ದೇಶ ಕಟ್ಟಿದೆವು ಅನ್ನುತ್ತಿದ್ದ."

ಅದು ಸುಳ್ಳೂ ಅಲ್ಲ. ಬಡ ದೇಶವೊಂದು ಶಾಲೆ, ಆಸ್ಪತ್ರೆ ಕಟ್ಟಿಕೊಂಡದ್ದರಲ್ಲಿ ಈ ಮರದ ಪಾಲು ದೊಡ್ಡದು. ಫಿನ್ಲೆಂಡ್ ಬದುಕುವುದೇ ಕಾಡಿನಿಂದ ಅನ್ನುವ ಮಾತು ಇಲ್ಲಿ ಗಾದೆಯಷ್ಟು ಹಳೆಯದು. ಹೊರಗಿನಿಂದ ಬಂದು, ಆ ದೇಶದ ಸಂಬಳ ತಿಂದುಕೊಂಡು, ಅಜ್ಜನನ್ನು ಬೈಯುವುದು ನನಗೆ ಸುಲಭ. ಬೈಯಲಾರೆ. ಆದರೆ ಒಣಗಿದ ಪೀಟ್ ಗಾಳಿ ತಾಗಿ ಕೊಳೆಯುತ್ತದೆ, ಸಾವಿರಾರು ವರ್ಷ ಹಿಡಿದಿಟ್ಟ ಇಂಗಾಲವನ್ನು ಬಿಡುತ್ತದೆ. ಕಡಿಯುವುದೂ ಜಾಸ್ತಿಯಾಗಿ, ಮರ ಬೆಳೆಯುವುದೂ ನಿಧಾನವಾಗಿ, ಗಾಳಿಯನ್ನು ತೊಳೆಯುತ್ತದೆ ಅಂದುಕೊಂಡಿದ್ದ ಕಾಡುನೆಲದ ಲೆಕ್ಕವೇ ಈಚೆಗೆ ತಿರುಗಿಬಿದ್ದಿದೆ. 2035ಕ್ಕೆ ಇಂಗಾಲದ ಲೆಕ್ಕ ಸೊನ್ನೆ ಮಾಡುತ್ತೇವೆ ಅಂದ ದೇಶಕ್ಕೆ ಇದು ಸಣ್ಣ ತಲೆನೋವಲ್ಲ.

ಗೆಳೆಯ ಅಜ್ಜನ ಕಾಲುವೆಗಳಲ್ಲಿ ಎರಡನ್ನು ಮುಚ್ಚಿಸಿದ್ದಾನೆ. ಜೊತೆಗೆ ಹಳೆಯ ಸ್ಪ್ರೂಸ್ ಇರುವ ಒಂದು ಮೂಲೆಯನ್ನು "ಮೆಟ್ಸೊ" ಯೋಜನೆಗೆ ಕೊಟ್ಟಿದ್ದಾನೆ. 2008ರಲ್ಲಿ ಶುರುವಾದ ಯೋಜನೆ ಇದು. ಒತ್ತಾಯ ಇಲ್ಲ. ಒಡೆಯ ತಾನಾಗಿ ಬಂದು ಈ ಕಾಡನ್ನು ಇನ್ನು ಕಡಿಯುವುದಿಲ್ಲ ಅಂದರೆ, ಮರದ ಬೆಲೆಯನ್ನು ಸರ್ಕಾರ ಕೊಡುತ್ತದೆ. ಅದಕ್ಕೆ ತೆರಿಗೆಯೂ ಇಲ್ಲ. ಮೆಟ್ಸೊ ಅಂದರೆ ಹಳೆಯ ಕಾಡಿನ ದೊಡ್ಡ ಕಾಡುಕೋಳಿಯ ಹೆಸರು ಕೂಡ. ಅವನ ಅಪ್ಪ ಎರಡು ತಿಂಗಳು ಮಾತು ಬಿಟ್ಟಿದ್ದರಂತೆ. ಆಮೇಲೆ ಅಣಬೆ ಕೀಳಲು ಅದೇ ಮೂಲೆಗೆ ಹೋಗುವುದು ಅವರೇ ಅಂತೆ.

ಅಲ್ಲಿಂದ ಕೋಲಿ ರಾಷ್ಟ್ರೀಯ ಉದ್ಯಾನ ಹತ್ತಿರ. ಪಿಯೆಲಿನೆನ್ ಸರೋವರದ ಮೇಲೆ ಎದ್ದ ಗುಡ್ಡ, ಸಮುದ್ರಮಟ್ಟದಿಂದ 347 ಮೀಟರ್. ನಮ್ಮ ಕುಂದಾದ್ರಿಯ ಮುಂದೆ ಏನೂ ಅಲ್ಲ, ಆದರೆ ಇಲ್ಲಿನವರಿಗೆ ಅದು ಪರ್ವತ. ಹಿಂದೆ ಇಲ್ಲಿ ಕಾಡು ಸುಟ್ಟು ಬಿತ್ತುತ್ತಿದ್ದರು, ನಮ್ಮ ಕುಮರಿ ಬೇಸಾಯದ ಹಾಗೇ. ಆ ಬೂದಿ ಉಂಡ ನೆಲದಲ್ಲಿ ಎದ್ದ ಸ್ಪ್ರೂಸ್ ಕಾಡು ಈಗ ಮುದಿಯಾಗಿದೆ. ಬಿದ್ದ ಮರ ಬಿದ್ದಲ್ಲೇ ಇದೆ. ಅದರ ಮೇಲೆ ಪಾಚಿ, ಪಾಚಿಯ ಮೇಲೆ ಹೊಸ ಸಸಿ. ಅಪ್ಪನಿಗೆ ತೋರಿಸಬೇಕಾದ್ದು ಇದು, ಅನ್ನಿಸಿತು. ಇದು ಕಾನು.

ರಾತ್ರಿ ಹತ್ತಾದರೂ ಬಿಸಿಲಿತ್ತು. ಸ್ಪ್ರೂಸಿನ ತುದಿಯಿಂದ ಒಂದು ಹಕ್ಕಿ ಅವಸರವಸರವಾಗಿ ಹಾಡುತ್ತಿತ್ತು. ಹಾಡಿನ ನಡುವೆ ಒಂದು ಚಿಕ್ಕ ಕರೆ, "ಚಿವೀ". ನನ್ನ ಕಿವಿ ನಿಮಿರಿತು. ಈ ಕರೆ ನನಗೆ ಗೊತ್ತು! ಡಿಸೆಂಬರಿನಲ್ಲಿ ಊರಿಗೆ ಹೋದಾಗ, ತೋಟದ ಅಂಚಿನ ಹಲಸಿನ ಮರದಲ್ಲಿ ಇಡೀ ದಿನ ಕೇಳುವುದು ಇದೇ. ಗೆಳೆಯ ಹೇಳಿದ, ಇದು ಇಡಾನ್-ಊನಿಲಿಂಟು. ಪೂರ್ವದ ಒಲೆಹಕ್ಕಿ. ನೆಲದಲ್ಲಿ, ಬಿದ್ದ ಮರದ ಬೇರಿನ ಸಂದಿನಲ್ಲಿ ಹಳೇಕಾಲದ ಒಲೆಯ ಹಾಗೆ ಗುಮ್ಮಟದ ಗೂಡು ಕಟ್ಟುತ್ತದೆ, ಅದಕ್ಕೇ ಆ ಹೆಸರು. ಇಂಗ್ಲಿಷಿನ ಗ್ರೀನಿಶ್ ವಾರ್ಬ್ಲರ್. ಒಂದು ಉಲಿಯಕ್ಕಿ. ಎಂಟು ಗ್ರಾಂ. ಚಳಿಗಾಲಕ್ಕೆ ಭಾರತಕ್ಕೆ ಹೋಗುತ್ತದೆ, ನಮ್ಮ ಪಶ್ಚಿಮ ಘಟ್ಟಕ್ಕೂ. ನಾನು ಫಿನ್‌ಏರ್ ಟಿಕೆಟ್ಟಿಗೆ ಆರು ತಿಂಗಳು ಮೊದಲೇ ಲೆಕ್ಕ ಹಾಕುವ ಸುಮಾರು 7,000 ಕಿಲೋಮೀಟರನ್ನು ಇದು ಪುಕ್ಕಟೆ ಹಾರುತ್ತದೆ.

ನಮ್ಮ ಹಲಸಿನ ಮರದ ಹಕ್ಕಿ ಕೋಲಿಯದೇ ಅಂತ ಹೇಳಲಾಗುವುದಿಲ್ಲ. ರಷ್ಯಾದ ಯಾವುದೋ ಕಾಡಿನದ್ದೂ ಇರಬಹುದು. ಆದರೂ ಅಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಭಾರತದಲ್ಲಿ ಆಗ ಮಧ್ಯರಾತ್ರಿ ದಾಟಿತ್ತು ಅನ್ನೋದು ಮರೆತೇಹೋಗಿತ್ತು. ನಿದ್ದೆಗಣ್ಣಲ್ಲಿ ಎತ್ತಿ "ಯಾರಿಗೇನಾಯ್ತಮ್ಮಾ?" ಅಂದರು. ಯಾರಿಗೂ ಏನೂ ಆಗಿಲ್ಲಪ್ಪಾ, ಹಕ್ಕಿ ಕೇಳು ಅಂತ ಫೋನು ಮೇಲಕ್ಕೆ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಲಸಿನ ಮರದ್ದಲ್ವಾ? ಅಲ್ಲೇನು ಮಾಡ್ತಿದೆ ಅದು?"

ಈಚೆಗೆ ನಮ್ಮ ಕಟ್ಟಡದ ಹಿಂದೆ ಒಂದು ಕೆಲಸ ಮಾಡಿದೆವು. ಇಲ್ಲಿ ಕೆಲವರು ವಿಲ್ಲೋ ಟಿಟ್ ಹಕ್ಕಿಗೆಂದು ಕೊಳೆತ ಬರ್ಚ್ ತುಂಡನ್ನು ತಂದು ಜೀವಂತ ಮರಕ್ಕೆ ಕಟ್ಟಿ ನಿಲ್ಲಿಸುತ್ತಾರೆ. ಅಜ್ಜಿ ಎಲ್ಲಿಂದಲೋ ಒಂದು ತುಂಡು ಸಂಪಾದಿಸಿದರು. ಬೆರಳಲ್ಲಿ ಒತ್ತಿದರೆ ತುಸು ತಗ್ಗಬೇಕು, ಆದರೆ ಪುಡಿಯಾಗಬಾರದು. ಅದೇ ಹದ. ಇಡ್ಲಿ ಬೆಂದಿದೆಯಾ ನೋಡುವ ಹಾಗೆ ಒತ್ತಿ ಒತ್ತಿ ನೋಡಿದೆ. ಇಬ್ಬರೂ ಸೇರಿ ಹಗ್ಗದಲ್ಲಿ ಒಂದು ಪೈನ್ ಮರಕ್ಕೆ ಬಿಗಿದೆವು. ಮಗಳು ಏಣಿ ಹಿಡಿದಿದ್ದಳು.

ಒಂದು ವಾರಕ್ಕೆ ಕಟ್ಟಡದ ಕೆಲಸದವನು ಬಂದು ಬೆಲ್ಲು ಮಾಡಿದ. ಹಿಂದೆ ಯಾರೋ ಕೊಳೆತ ಮರ ಕಟ್ಟಿದ್ದಾರೆ, ತೆಗೆಯಲಾ ಅಂತ. ಹಿಂದೊಮ್ಮೆ ದೂರು ಬರೆದಿದ್ದು ಈ ಮನೆಯಿಂದಲೇ ಅನ್ನುವ ನೆನಪು ಅವನಿಗೆ. ಮುಖ ಬಿಸಿಯಾಯಿತು. ಬೇಡ ಬೇಡ ಅಂದೆ. ಆಮೇಲೆ ಒಂದು ರಟ್ಟಿನ ಮೇಲೆ ಫಿನ್ನಿಷ್‌ನಲ್ಲಿ "ದಯವಿಟ್ಟು ತೆಗೆಯಬೇಡಿ, ಹಕ್ಕಿಯ ಮನೆ" ಅಂತ ಬರೆದು, ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿ ಬಂದೆ.

ಮರುದಿನ ನೋಡಿದರೆ ಅಜ್ಜಿ ಅದರಲ್ಲಿ ಎರಡು ಕಡೆ ಕಾಗುಣಿತ ತಿದ್ದಿದ್ದರು.